ಪಂಚರ್ ಹಾಕ್ತೀರಾ?

ಆಂಧ್ರದ ಗಡಿಯೂರು ರಾಯದುರ್ಗದ ಬಜಾರಿನಲ್ಲಿ ಸೈಕಲ್ ತಳ್ಳಿಕೊಂಡು ಬಂದವನು ಅಂಗಡಿಯ ಮುಂದೆ ನಿಂತು ಎರಡು ಮಾತು ಆಡುತ್ತಾನೆ. ಮೊದಲು, ‘ಪಂಚರ್ ಆಗೈತಿ.’ ಆಮೇಲೆ, ‘ಪಂಚರ್ ಹಾಕ್ರಿ.’ ಮೊದಲ ಮಾತಿನ ಪಂಚರ್ ಎಂದರೆ ತೂತು. ಎರಡನೆಯದು ಆ ತೂತಿನ ಮೇಲೆ ಕೂರುವ ತೇಪೆ. ಎರಡು ಮಾತಿನ ನಡುವೆ ಪದ ಮಗುಚಿಕೊಂಡಿರುತ್ತದೆ. ಹೇಳಿದವನಿಗೂ ಕೇಳಿದವನಿಗೂ ಅದರ ಅರಿವೇ ಇರುವುದಿಲ್ಲ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಇದನ್ನು ಪದಕ್ಕೆ ಪದ ಬಿಡಿಸಿ ಹೇಳಿದರೆ, ದುಡ್ಡು ಕೊಟ್ಟು ಟ್ಯೂಬಿಗೆ ತೂತು ಹೊಡೆಸಿಕೊಳ್ಳುವ ಜನ ಇವರು ಎಂದು ಬೆರಗಾದಾನು.

ಅದೇ ಮಾತು ಮಡಕಶಿರಾದಲ್ಲಿ ‘ಪಂಚರ್ ಆಗೈತೆ, ಹಾಕಣ್ಣ’ ಆಗುತ್ತದೆ. ರಾಯದುರ್ಗದ ಕನ್ನಡ ಬಳ್ಳಾರಿಯ ಕಡೆ ವಾಲಿದರೆ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಯ ಕನ್ನಡ ಶಿರಾ, ಮಧುಗಿರಿಯ ಕಡೆಗಿದೆ. ‘ಐತಿ’ಗೂ ‘ಐತೆ’ಗೂ ಜಗಳವಿದೆ, ಪಂಚರ್‌ಗೆ ಯಾರ ತಕರಾರೂ ಇಲ್ಲ.

ಪದ ಹುಟ್ಟಿದ್ದು ಲ್ಯಾಟಿನ್ನಿನಲ್ಲಿ, ಚುಚ್ಚುವುದು ಎಂಬ ಅರ್ಥದಲ್ಲಿ. ಇಂಗ್ಲಿಷಿಗೆ ಬಂದ ಮೇಲೂ ಬಹುಕಾಲ ಅದು ವೈದ್ಯರ ಬಾಯಲ್ಲೇ ಹೆಚ್ಚು ಓಡಾಡಿಕೊಂಡಿತ್ತು: ಸೂಜಿ, ಮೊಳೆ, ಮುಳ್ಳು ಚುಚ್ಚಿದ ಗಾಯ. ಅದಕ್ಕೆ ಚಕ್ರ ಕೂಡಿಸಿದವರು ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. ಮಗನ ಮೂರು ಚಕ್ರದ ಸೈಕಲ್ ಕುಲುಕಾಡದಿರಲಿ ಎಂದು ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗಟ್ಟಿ ರಬ್ಬರಿನ ಚಕ್ರಕ್ಕೆ ಮುಳ್ಳು ಚುಚ್ಚಿದರೂ ಏನೂ ಆಗುತ್ತಿರಲಿಲ್ಲ. ಗಾಳಿ ಬಂದಿತು, ಗಾಳಿ ಹೋಗುವ ಭಯವೂ ಜೊತೆಗೇ ಬಂದಿತು. ಮೊದಲ ಟೈರುಗಳನ್ನು ಚಕ್ರಕ್ಕೆ ಅಂಟಿಸಿಯೇ ಬಿಡುತ್ತಿದ್ದರು. ಒಂದು ತೂತು ಮುಚ್ಚಲು ಗಂಟೆಗಟ್ಟಲೆ ಕೆಲಸ, ಅಂಟು ಒಣಗಲು ಇನ್ನೊಂದಷ್ಟು ಹೊತ್ತು. ಫ್ರಾನ್ಸಿನ ಮಿಶೆಲಿನ್ ಸೋದರರು ಬಿಚ್ಚಿ ಹಾಕಬಹುದಾದ ಟೈರು ಮಾಡಿದರು. 1891ರ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟದಲ್ಲಿ ಗೆದ್ದ ಶಾರ್ಲ್ ತೆರಾನ್ ಸೈಕಲ್ಲಿಗೆ ಇದ್ದದ್ದು ಅದೇ ಟೈರು. ಮೂರು ವರ್ಷ ಕಳೆದು, 1894ರಲ್ಲಿ, ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾಯಿತು. ಈ ಪದ ಅಲ್ಲಿ ಸೇರುವ ಹೊತ್ತು ಇನ್ನೂ ಬಂದಿರಲಿಲ್ಲ.

ಕನ್ನಡದ ನಾಲಿಗೆ ಪದವನ್ನು ಇದ್ದ ಹಾಗೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಪತ್ರಿಕೆಗಳು ಇವತ್ತಿಗೂ ಮರ್ಯಾದೆಯಿಂದ ‘ಪಂಕ್ಚರ್’ ಎಂದು ಬರೆಯುತ್ತವೆ. ರಸ್ತೆಬದಿಯ ಹಳೆ ಟೈರಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುವುದು ‘ಪಂಚರ್’. ಸೊನ್ನೆಗೂ ಚಕಾರಕ್ಕೂ ನಡುವೆ ಸಿಕ್ಕಿಕೊಂಡಿದ್ದ ಕಕಾರವನ್ನು ಜನ ತೆಗೆದುಹಾಕಿದರು. ಹಾಗೆ ತೆಗೆದ ಮೇಲೆ ಪದ ಪಂಚೆ, ಪಂಚಾಯ್ತಿಗಳ ಸಾಲಿನಲ್ಲಿ ಹೊಸಬನೆನಿಸದೆ ಕುಳಿತಿತು. ತೆಲುಗಿನ ಬಾಯಲ್ಲೂ ಆ ಕಕಾರ ನಿಲ್ಲುವುದಿಲ್ಲ. ಎರಡೂ ಲಿಪಿಗಳು ಅಕ್ಕತಂಗಿಯರಾದ್ದರಿಂದ ರಾಯದುರ್ಗದ ಟೈರಿನ ಮೇಲಿನ ಬರಹ ಕನ್ನಡವೋ ತೆಲುಗೋ ಎಂದು ಹೇಳಲು ತಲೆಕಟ್ಟನ್ನು ಹತ್ತಿರದಿಂದ ನೋಡಬೇಕು.

ಇದಕ್ಕಿಂತ ಸ್ವಾರಸ್ಯವಿರುವುದು ಪದದ ಬೆನ್ನಿಗೆ ಬರುವ ಕ್ರಿಯಾಪದದಲ್ಲಿ. ಕನ್ನಡಿಗರು ಪಂಚರ್ ‘ಹಾಕಿಸುತ್ತಾರೆ’, ತೆಲುಗರು ‘ವೇಯಿಸುತ್ತಾರೆ’; ಅದೂ ಹಾಕಿಸುವುದೇ. ತಮಿಳರು ‘ಒಟ್ಟು’ತ್ತಾರೆ, ಅಂದರೆ ಅಂಟಿಸುತ್ತಾರೆ. ಹಿಂದಿಯವರು ಪಂಚರ್ ‘ಬನ್‌ವಾ’ ಎನ್ನುತ್ತಾರೆ, ಮಾಡಿಸುತ್ತಾರೆ. ಮರಾಠಿಯವರು ಮಾತ್ರ ‘ಕಾಢ’ ಎನ್ನುತ್ತಾರೆ, ತೆಗೆಸುತ್ತಾರೆ. ಐದು ಭಾಷೆಗಳಲ್ಲಿ ಮರಾಠಿಯೊಂದೇ ಪದದ ಹಳೆಯ ಅರ್ಥಕ್ಕೆ ನಿಷ್ಠೆ ಉಳಿಸಿಕೊಂಡಿದೆ: ಪಂಚರ್ ಎಂದರೆ ಕೇಡು, ಕೇಡನ್ನು ತೆಗೆಯಬೇಕು. ಉಳಿದ ನಾಲ್ವರಿಗೆ ಅದು ರಿಪೇರಿಯ ಹೆಸರಾಗಿಬಿಟ್ಟಿದೆ. ಕನ್ನಡದಲ್ಲಿ ಹೀಗಾಗಲು ‘ತೇಪೆ ಹಾಕು’ ಎಂಬ ಹಳೆಯ ಜೋಡಿ ದಾರಿ ಮಾಡಿಕೊಟ್ಟಿರಬೇಕು. ತೇಪೆ ಕೂತಿದ್ದ ಜಾಗದಲ್ಲಿ ಪಂಚರ್ ಬಂದು ಕೂತಿತು, ‘ಹಾಕು’ ಅಲುಗಾಡಲಿಲ್ಲ. ಅದಕ್ಕೇ ಟ್ಯೂಬ್ ಬಿಚ್ಚಿದವನು ‘ಇದಕ್ಕಾಗ್ಲೆ ಆರು ಪಂಚರ್ ಬಿದ್ದಾವೆ’ ಎಂದರೆ ಆರು ತೂತು ಎಂದಾದರೂ ತಿಳಿಯಬಹುದು, ಆರು ತೇಪೆ ಎಂದಾದರೂ ತಿಳಿಯಬಹುದು, ಲೆಕ್ಕ ತಪ್ಪುವುದಿಲ್ಲ. ‘ಹೊಸ ಟ್ಯೂಬೇ ಹಾಕಿಸ್ಬಿಡ್ರಿ’ ಎಂಬ ಮುಂದಿನ ಮಾತೂ ತಪ್ಪುವುದಿಲ್ಲ.

ಪದ ಈ ಸೀಮೆಯಲ್ಲಿ ಇಷ್ಟು ಬಳಕೆಯಾಗಲು ಎರಡು ಗಿಡಗಳ ಕೊಡುಗೆ ದೊಡ್ಡದು.

ಒಂದು ಬಳ್ಳಾರಿ ಜಾಲಿ. 1870ರ ದಶಕದ ಕೊನೆಯಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಒಣಸೀಮೆಗೆ ಸೌದೆಯಾಗಲಿ ಎಂದು ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ನೆಟ್ಟರು. ಈಗ ಅದು ಕೆರೆಯಂಗಳ, ಹಳ್ಳದ ದಂಡೆ, ರೈಲು ಹಳಿಯ ಪಕ್ಕ ಎಲ್ಲ ಕಡೆ ಇದೆ. ಕನ್ನಡಿಗರು ಅದನ್ನು ಬಳ್ಳಾರಿಯ ಲೆಕ್ಕಕ್ಕೆ ಬರೆದರು, ತೆಲುಗರು ‘ಸರ್ಕಾರು ತುಮ್ಮ’ ಎಂದು ಸರ್ಕಾರದ ಲೆಕ್ಕಕ್ಕೆ, ತಮಿಳರು ‘ಸೀಮೆ’ಯ, ಅಂದರೆ ಪರದೇಶದ, ಲೆಕ್ಕಕ್ಕೆ. ಯಾರೂ ತಮ್ಮದೆಂದು ಒಪ್ಪಿಕೊಳ್ಳಲಿಲ್ಲ. ರಾಯದುರ್ಗವೇ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಅದೂ ಆ ಕಡೆ ಹೋಯಿತು, ಅನಂತಪುರ ಜಿಲ್ಲೆಗೆ ಸೇರಿತು. ತಾಲ್ಲೂಕು ಬಳ್ಳಾರಿಯನ್ನು ಬಿಟ್ಟಿತು, ಜಾಲಿ ತಾಲ್ಲೂಕನ್ನು ಬಿಡಲಿಲ್ಲ. ಬೇಲಿಗೆಂದು ಮುಳ್ಳುಕಂಟಿ ಹೇರಿದ ಗಾಡಿ ಹೋದ ದಾರಿಯಲ್ಲಿ ಮರುದಿನ ಶಾಲೆಗೆ ಹೊರಟ ಸೈಕಲ್ಲುಗಳು ಒಂದೊಂದಾಗಿ ಕೂರುತ್ತವೆ.

ಇನ್ನೊಂದು ನೆಲಕ್ಕೆ ಅಂಟಿಕೊಂಡು ಹಬ್ಬುವ ನೆಗ್ಗಿಲು. ತೆಲುಗಿನ ಪಲ್ಲೇರು, ಆಯುರ್ವೇದದ ಗೋಕ್ಷುರ. ಪುಟ್ಟ ಹಳದಿ ಹೂವು ನೋಡಿದರೆ ಪಾಪ ಅನ್ನಿಸುತ್ತದೆ. ಕಾಯಿ ಒಣಗಿದಾಗ ಐದು ಹೋಳಾಗಿ ಒಡೆಯುತ್ತದೆ, ಒಂದೊಂದು ಹೋಳಿಗೂ ಗಡುಸು ಮುಳ್ಳು, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೆ. ಪಂಚರಿನಲ್ಲಿರುವ ‘ಪಂಚ’ ಈ ಐದು ಹೋಳೇ ಎಂದು ಯಾರಾದರೂ ವ್ಯುತ್ಪತ್ತಿ ಕಟ್ಟಿದರೆ ಭಾಷಾಶಾಸ್ತ್ರ ಒಪ್ಪುವುದಿಲ್ಲ, ಸೈಕಲ್ಲಿನವರು ಒಪ್ಪಿಯಾರು. ಇಂಗ್ಲಿಷಿನಲ್ಲಿ ಈ ಗಿಡದ ಹೆಸರೇ ಪಂಕ್ಚರ್ ಬಳ್ಳಿ. ಅಮೆರಿಕದ ಬೋಯ್ಸಿ ನಗರದ ಸೈಕಲ್ ಮಂದಿ ಇದರ ಕಾಟ ತಾಳಲಾರದೆ 2018ರಲ್ಲಿ ಇದರ ಹೆಸರಿನಲ್ಲೇ ಒಂದು ಹಬ್ಬ ಆರಂಭಿಸಿದರು. ಹಬ್ಬಕ್ಕೆ ಮೊದಲು ಗಿಡ ಕಿತ್ತು ಚೀಲ ತುಂಬುವುದೇ ಅಲ್ಲಿನ ಕಾಯಕ. ರಾಯದುರ್ಗದ ಕಡೆಯ ಬೊಮ್ಮನಹಾಳ್, ಕಣೇಕಲ್ಲಿನ ಹೊಲದ ಬದುಗಳಿಗೆ ಅಂಥ ಹಬ್ಬದ ಭಾಗ್ಯ ಇನ್ನೂ ಬಂದಿಲ್ಲ.

ಅಂಗಡಿಯೊಳಗಿನ ಕೆಲಸಕ್ಕೆ ತನ್ನದೇ ನುಡಿಗಟ್ಟಿದೆ. ಟೈರಿನ ಒಂದು ಮಗ್ಗುಲು ಎಬ್ಬಿಸಿ ಟ್ಯೂಬ್ ಹೊರಗೆಳೆದು, ಗಾಳಿ ಹೊಡೆದು, ಬೋಗುಣಿಯ ನೀರಿನಲ್ಲಿ ಇಷ್ಟಿಷ್ಟೇ ಅದ್ದುತ್ತ ಹೋಗುವುದು. ಗುಳ್ಳೆ ಎದ್ದ ಜಾಗಕ್ಕೆ ಗುರುತು. ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ, ಊದಿ, ಅದು ಒಣಗುವಷ್ಟು ಹೊತ್ತು ಮಳೆ ಬೆಳೆಯ ಮಾತು. ಆಮೇಲೆ ಹಳೆ ಟ್ಯೂಬಿನಿಂದ ಕತ್ತರಿಸಿದ ತುಂಡು ಕೂರಿಸಿ ತಟ್ಟುವುದು. ಪಳಗಿದವನು ಟ್ಯೂಬ್ ಒಳಗೆ ಸೇರಿಸುವ ಮುಂಚೆ ಟೈರಿನ ಒಳಮೈಯನ್ನು ಬೆರಳಿನಿಂದ ಪೂರ್ತಿ ಒಂದು ಸುತ್ತು ಸವರುತ್ತಾನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆ ಎಂಬ ಗಾದೆ ಕಾಲಿಗೆ ಸರಿ. ಇಲ್ಲಿ ಮುಳ್ಳನ್ನು ಬೆರಳೇ ಹುಡುಕಬೇಕು. ಬಿಟ್ಟರೆ ಗಿರಾಕಿ ಅರ್ಧ ಮೈಲಿ ಹೋಗಿ ವಾಪಸು ಬರುತ್ತಾನೆ. ನೀರಿನಲ್ಲಿ ಗುಳ್ಳೆಯೇ ಏಳದಿದ್ದರೆ ಅನುಮಾನವೆಲ್ಲ ವಾಲ್ ಟ್ಯೂಬಿನ ಮೇಲೆ. ಹಳೆಯ ಸೈಕಲ್ಲುಗಳ ವಾಲ್ವಿನೊಳಗೆ ಕೂರುವ ಆ ರಬ್ಬರ್ ಚೂರು ಬಿಸಿಲಿಗೆ ಒಣಗಿ ಸೀಳಿರುತ್ತದೆ.

ಗಡಿಯ ಎರಡೂ ಕಡೆ ಸರ್ಕಾರಗಳು ಈ ಪದಕ್ಕೆ ಹೊಸ ತಲೆಮಾರನ್ನು ಒದಗಿಸಿದವು. ಕರ್ನಾಟಕ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಆಂಧ್ರದಲ್ಲಿ ‘ಬಡಿಕೊಸ್ತಾ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಹುಡುಗಿಯರಿಗೆ ಸೈಕಲ್ ಬಂತು. ಒಳಪೆಡಲ್ ಹೊಡೆದು ಕಲಿತ ಅಪ್ಪಂದಿರ ಮಕ್ಕಳು ನೇರ ಸೀಟಿನ ಮೇಲೆ ಕುಳಿತರು. ‘ಪಂಚರ್ ಆಗಿತ್ತು ಸಾರ್’ ಎಂಬುದು ಮಾತ್ರ ಅಪ್ಪನಿಂದ ಮಗಳಿಗೆ ಹಾಗೇ ಇಳಿಯಿತು. ತಡವಾಗಿ ಬಂದದ್ದಕ್ಕೆ ಅಷ್ಟು ಭದ್ರವಾದ ನೆಪ ಬೇರೊಂದಿಲ್ಲ. ಮುಚ್ಚಿದ ತೂತನ್ನು ತೋರಿಸು ಎಂದು ಕೇಳುವ ಮೇಷ್ಟ್ರು ಇರಲಾರರು.

ಗೇರ್ ಸೈಕಲ್ಲಿನ ಹವ್ಯಾಸಿಗಳ ಮಾತುಕತೆಯಲ್ಲಿ ಪದದ ಗತ್ತೇ ಬೇರೆ. ಬೆಂಗಳೂರಿನಿಂದ ನಸುಕಿಗೇ ಹೊರಟು ನಂದಿ ಬೆಟ್ಟ, ಲೇಪಾಕ್ಷಿಯ ಕಡೆ ತುಳಿಯುವವರು ಟೀ ಅಂಗಡಿಯಲ್ಲಿ ಸೇರಿದಾಗ ದೂರ, ವೇಗದ ಲೆಕ್ಕ ಬೇಗ ಮುಗಿಯುತ್ತದೆ. ಪಂಚರ್ ಕತೆಗಳು ಮುಗಿಯುವುದಿಲ್ಲ. ಎಲ್ಲಿ ಆಯಿತು, ಹಿಂದಿನ ಚಕ್ರವೋ ಮುಂದಿನದೋ, ಮಳೆ ಇತ್ತೋ, ಟಾರ್ಚ್ ಯಾರು ಹಿಡಿದರು. ಹಿಂದಿನ ಚಕ್ರವೆಂದರೆ ಕೇಳುವವರ ಮುಖ ಒಂದಿಷ್ಟು ಹೆಚ್ಚು ಕಿವುಚಿಕೊಳ್ಳುತ್ತದೆ, ಏಕೆಂದರೆ ಚೈನು, ಗೇರು ಎಲ್ಲ ಇರುವುದು ಅಲ್ಲೇ. ಗಾಳಿ ಕಡಿಮೆಯಿದ್ದ ಟೈರು ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಅದಕ್ಕೆ ಅವರ ಮಾತಿನಲ್ಲಿ ‘ಹಾವು ಕಡಿದದ್ದು’ ಎಂದು ಹೆಸರು.

ಬ್ರೆವೆ ಎಂಬ ದೂರಸವಾರಿಗಳಲ್ಲಿ ಪಂಚರ್ ನಿಯಮಾವಳಿಯ ವಿಷಯವೇ ಆಗುತ್ತದೆ. 1904ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಒಂದು ಕ್ಲಬ್ಬಿನ ಕಟ್ಟಳೆ ಇದಕ್ಕೆ ಆಧಾರ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ. ತಪಾಸಣಾ ಠಾಣ್ಯಗಳ ಹೊರಗೆ ಬೆಂಗಾವಲು ವಾಹನದ ನೆರವು ಪಡೆಯುವಂತಿಲ್ಲ. ಗಾಳಿ ಹೋದರೆ ಗಡಿಯಾರ ನಿಲ್ಲುವುದಿಲ್ಲ. ತೆರಾನ್ ಗೆದ್ದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಈಗ ಪಂದ್ಯವಲ್ಲ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ ಬ್ರೆವೆ. ಭಾರತದಿಂದಲೂ ನೂರಾರು ಮಂದಿ ಹೋಗುತ್ತಾರೆ. ಹಿಂದೆ ಟೂರ್ ದ ಫ್ರಾನ್ಸ್ ಸವಾರರು ಬದಲಿ ಟೈರನ್ನು ಜನಿವಾರದ ಹಾಗೆ ಹೆಗಲಿಗೆ ಅಡ್ಡ ಹಾಕಿಕೊಂಡು ಓಡಿಸುತ್ತಿದ್ದರು. ಈಗಿನವರ ಸೀಟಿನ ಕೆಳಗಿನ ಚೀಲದಲ್ಲಿ ಎರಡು ಟ್ಯೂಬು, ತೇಪೆ, ಟೈರ್ ಎಬ್ಬಿಸುವ ಪಟ್ಟಿ, ಚಿಕ್ಕ ಪಂಪು. ಅವರು ಪಂಚರ್ ‘ಹಾಕುವುದು’ ಮನೆಗೆ ಹೋದ ಮೇಲೆ. ದಾರಿಯಲ್ಲಿ ಟ್ಯೂಬನ್ನೇ ಬದಲಿಸಿಬಿಡುತ್ತಾರೆ. ಚೀಲ ಖಾಲಿಯಾಗಿ ಹಳ್ಳಿಯ ಅಂಗಡಿಗೆ ಬಂದರೆ ಇನ್ನೊಂದು ತಾಪತ್ರಯ. ಇವರ ಟ್ಯೂಬಿನ ಪ್ರೆಸ್ಟಾ ಎಂಬ ವಾಲ್ವಿನ ಸಪೂರ ಮೂತಿಗೆ ಅಲ್ಲಿನ ಪಂಪು ಕಚ್ಚುವುದಿಲ್ಲ.

ಸೈಕಲ್ಲೇ ಇಲ್ಲದ ಕಡೆಗೂ ಪದ ಉರುಳಿದೆ. ಮದುವೆ ಮುಗಿದ ಮನೆಯ ಜೇಬು ಪಂಚರ್, ಮಳೆ ಬಂದು ಪಿಕ್ನಿಕ್ ಪಂಚರ್. ರಾಯದುರ್ಗದಲ್ಲಿ ‘ಸೈಕಲ್ ಪಂಚರ್’ ಎನ್ನುವ ಮುಂಚೆ ಮಾತ್ರ ಸುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. 1982ರಲ್ಲಿ ಎನ್.ಟಿ. ರಾಮರಾವ್ ಕಟ್ಟಿದ ತೆಲುಗು ದೇಶಂ ಪಕ್ಷದ ಗುರುತು ಸೈಕಲ್. 2019ರ ವಿಧಾನಸಭಾ ಚುನಾವಣೆಯಲ್ಲಿ ಅದು 175ರಲ್ಲಿ 23 ಸ್ಥಾನಕ್ಕೆ ಇಳಿದಾಗ ಎದುರಾಳಿಗಳಿಗೆ ಬೇರೆ ಉಪಮೆ ಹುಡುಕುವ ಕಷ್ಟವಿರಲಿಲ್ಲ. 2024ರಲ್ಲಿ ಅದೇ ಸೈಕಲ್ 135 ಗೆದ್ದಿತು. ಕರ್ನಾಟಕಕ್ಕೂ ಈ ಗುರುತು ತೀರ ಹೊಸದಲ್ಲ. 2005ರ ಶಿವಮೊಗ್ಗ ಲೋಕಸಭಾ ಉಪಚುನಾವಣೆಯಲ್ಲಿ ಬಂಗಾರಪ್ಪ ಸಮಾಜವಾದಿ ಪಕ್ಷದಿಂದ ನಿಂತು ಸೈಕಲ್ಲಿನ ಮೇಲೆಯೇ ಗೆದ್ದಿದ್ದರು.

ಪದ ಬೈಗುಳವೂ ಆಗಿದೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಸಂಸದರೊಬ್ಬರು ಪೌರತ್ವ ಕಾಯ್ದೆಯ ವಿರೋಧಿಗಳನ್ನು ಪಂಚರ್ ಅಂಗಡಿಯವರು ಎಂದು ಹಂಗಿಸಿದಾಗ, ರಿಪೇರಿಯ ಪದ ಒಮ್ಮೆಗೇ ಜನರನ್ನು ಅಳೆಯುವ ಪದವಾಯಿತು. ಅದರ ಪರ ವಿರೋಧ ಬಹಳ ಚರ್ಚೆ ನಡೆಯಿತು. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಗಾಳಿ ಕಳೆದುಕೊಂಡು ನಿಂತವರು ಆ ಚರ್ಚೆಯ ಯಾವ ಕಡೆಯವರಾದರೂ ಹುಡುಕುವುದು ಅದೇ ಅಂಗಡಿಯ ದೀಪವನ್ನು.

ಈಚೆಗೆ ಟ್ಯೂಬೇ ಇಲ್ಲದ ಟೈರುಗಳು ಬಂದಿವೆ. ನೀರಿನ ಬೋಗುಣಿ ಬೇಕಿಲ್ಲ, ತೇಪೆಯೂ ಇಲ್ಲ. ಅಂಟು ಮೆತ್ತಿದ ರಬ್ಬರ್ ದಾರವನ್ನು ದಬ್ಬಳದಂಥ ಉಪಕರಣದಿಂದ ತೂತಿನೊಳಗೇ ತುರುಕಿ, ಹೊರಗುಳಿದ ಬಾಲವನ್ನು ಬ್ಲೇಡಿನಿಂದ ಕತ್ತರಿಸಿದರೆ ಮುಗಿಯಿತು. ತೂತು ಸಣ್ಣದಿದ್ದರೆ ಮುಂಚೆ ಅದನ್ನು ಅದೇ ಕೈಯಲ್ಲಿ ಕೊರೆದು ಒಂದಿಷ್ಟು ಅಗಲ ಮಾಡಿಕೊಳ್ಳುತ್ತಾರೆ. ಗಿರಾಕಿ ದುಡ್ಡು ಕೊಟ್ಟು ಹೊಡೆಸಿಕೊಳ್ಳುವ ತೂತು ಕೊನೆಗೂ ಬಂದಿದೆ. ಅದನ್ನೂ ರಾಯದುರ್ಗದವರು ಪಂಚರ್ ಹಾಕಿಸುವುದು ಎಂದೇ ಕರೆಯುತ್ತಾರೆ.