ಬಣ್ಣದ ಚುಕ್ಕೆಗಳಲ್ಲಿ ಕ್ಯಾನ್ಸರಿನ ಗುರುತು

ಕೋಶವಿಭಜನೆಯನ್ನು ನೋಡಲು ಪ್ರಯೋಗಾಲಯದಲ್ಲಿ ಈರುಳ್ಳಿ ಬೇರಿನ ತುದಿಯನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಅಲ್ಲಿನ ಜೀವಕೋಶಗಳು ಸದಾ ವಿಭಜನೆಯಾಗುತ್ತಿರುತ್ತವೆ. ವರ್ಣತಂತುಗಳು ದಪ್ಪನಾಗಿ, ಬಿಡಿಬಿಡಿಯಾಗಿ ಕಾಣುವುದು ಆ ವೇಳೆಯಲ್ಲಿ ಮಾತ್ರ. ಉಳಿದಂತೆ ಅವು ಸಿಕ್ಕುಬಿದ್ದ ನೂಲಿನಂತೆ ಕೋಶಕೇಂದ್ರದಲ್ಲಿ ಅಡಗಿರುತ್ತವೆ. ಕ್ಯಾನ್ಸರ್ ಸಂಶೋಧಕರನ್ನು ಬಹುಕಾಲ ಕಾಡಿದ ತೊಡಕೂ ಇದೇ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತ ಕ್ಯಾನ್ಸರಿನ ರೋಗಿಗಳಲ್ಲಿ ಅಸಹಜವಾಗಿ ಚಿಕ್ಕದಾದ ವರ್ಣತಂತುವೊಂದನ್ನು ಕಂಡರು. ನಿರ್ದಿಷ್ಟ ವರ್ಣತಂತು ದೋಷಕ್ಕೂ ಕ್ಯಾನ್ಸರಿಗೂ ನಂಟಿದೆ ಎಂಬುದಕ್ಕೆ ದೊರೆತ ಮೊದಲ ಪುರಾವೆ ಅದು. ಊರಿನ ಹೆಸರೇ ಅದಕ್ಕೆ ಅಂಟಿಕೊಂಡು ‘ಫಿಲಡೆಲ್ಫಿಯ ವರ್ಣತಂತು’ ಎನಿಸಿತು.

ಕಡಿಮೆಯಾದ ತುಂಡು ಎಲ್ಲಿ ಹೋಯಿತು? 1973ರಲ್ಲಿ ಷಿಕಾಗೋದ ಜಾನೆಟ್ ರೌಲಿ ಉತ್ತರ ಕೊಟ್ಟರು. ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ, ಪಟ್ಟೆಗಳನ್ನು ಹೋಲಿಸಿ ನೋಡುತ್ತಿದ್ದ ವಿಜ್ಞಾನಿ ಅವರು. 22ನೆಯ ವರ್ಣತಂತುವಿನ ತುಂಡು ಕಳೆದುಹೋಗಿರಲಿಲ್ಲ, 9ನೆಯದಕ್ಕೆ ಸೇರಿಕೊಂಡಿತ್ತು. 9ರ ತುಂಡೂ 22ಕ್ಕೆ ಬಂದಿತ್ತು. ಈ ಅದಲುಬದಲಿನಲ್ಲಿ ಎಬಿಎಲ್ ಮತ್ತು ಬಿಸಿಆರ್ ಎಂಬ ಎರಡು ಜೀನ್‌ಗಳು ಬೆಸೆದುಕೊಂಡು, ಕೋಶ ಹತೋಟಿಯಿಲ್ಲದೆ ಬೆಳೆಯುವಂತೆ ಮಾಡುತ್ತವೆ ಎಂಬುದು 1980ರ ದಶಕದಲ್ಲಿ ತಿಳಿಯಿತು.

ಆದರೆ ಕೆಲವು ರೋಗಿಗಳಲ್ಲಿ ಈ ಬೆಸುಗೆ ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದನ್ನು ಹುಡುಕುವ ದಾರಿ ಡಿ.ಎನ್.ಎ. ರಚನೆಯಲ್ಲಿಯೇ ಇತ್ತು. ಡಿ.ಎನ್.ಎ.ಯ ಎರಡು ಎಳೆಗಳು ಬಿಸಿ ಮಾಡಿದಾಗ ಬೇರೆಯಾಗುತ್ತವೆ, ತಣಿದಾಗ ತಮ್ಮ ಜೊತೆಯ ಎಳೆಯನ್ನೇ ಹುಡುಕಿ ಕೂಡುತ್ತವೆ. ಬೇಕಾದ ಜೀನ್‌ಗೆ ಹೊಂದುವ ತುಣುಕನ್ನು ಗುರುತು ಹಚ್ಚಿ ಬಿಟ್ಟರೆ ಅದು ನೇರವಾಗಿ ಅಲ್ಲಿಗೇ ಹೋಗಿ ಅಂಟುತ್ತದೆ. ಇದೇ ‘ಪ್ರೋಬ್’. 1969ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಜೋಸೆಫ್ ಗಾಲ್ ಮತ್ತು ಮೇರಿ ಲೌ ಪಾರ್ಡ್ಯೂ ಇದನ್ನು ಗಾಜಿನ ಪಟ್ಟಿಯ ಮೇಲಿನ ಕೋಶಗಳಲ್ಲಿಯೇ ಸಾಧಿಸಿದರು. ಅವರು ಬಳಸಿದ್ದು ವಿಕಿರಣಶೀಲ ಗುರುತು. ಚಿತ್ರ ಮೂಡಲು ದಿನಗಟ್ಟಲೆ ಕಾಯಬೇಕಿತ್ತು. 1980ರ ದಶಕದಲ್ಲಿ ಅದರ ಜಾಗಕ್ಕೆ ಫ್ಲೋರೆಸೆಂಟ್ ಬಣ್ಣಗಳು ಬಂದವು. ಕ್ಯಾಲಿಫೋರ್ನಿಯಾದ ಡೇನಿಯಲ್ ಪಿಂಕೆಲ್, ಜೋ ಗ್ರೇ ಮೊದಲಾದವರು ವಿಧಾನವನ್ನು ಬೆಳೆಸಿದರು. ಇದರ ಚುಟುಕು ಹೆಸರು ‘ಫಿಶ್’. ಮೀನಿಗೂ ಇದಕ್ಕೂ ಸಂಬಂಧವಿಲ್ಲ!

1990ರಲ್ಲಿ ಇದೇ ತಂಡದವರು ಎರಡು ಜೀನ್‌ಗಳಿಗೆ ಎರಡು ಬಣ್ಣ ಕೊಟ್ಟರು. ಆರೋಗ್ಯವಂತ ಕೋಶದಲ್ಲಿ ಕೆಂಪು ಚುಕ್ಕೆ ಎರಡು, ಹಸಿರು ಎರಡು, ಸಾಮಾನ್ಯವಾಗಿ ದೂರ ದೂರ. ರೋಗಗ್ರಸ್ತ ಕೋಶದಲ್ಲಿ ಒಂದು ಕೆಂಪು, ಒಂದು ಹಸಿರು ಒತ್ತಾಗಿ ಸೇರಿ ಹಳದಿಯಾಗಿ ತೋರುತ್ತವೆ. ವಿಭಜನೆಗಾಗಿ ಕಾಯಬೇಕಿಲ್ಲ, ಸುಮ್ಮನಿರುವ ಕೋಶವೂ ಸಾಕ್ಷಿ ನುಡಿಯುತ್ತದೆ. ಚುಕ್ಕೆಗಳು ಆಕಸ್ಮಿಕವಾಗಿ ಒಂದರ ಮೇಲೊಂದು ಕಾಣುವುದೂ ಉಂಟು. ಆದ್ದರಿಂದ ನೂರಾರು ಕೋಶಗಳನ್ನು ಎಣಿಸಿಯೇ ತೀರ್ಮಾನಿಸುತ್ತಾರೆ.

ಈ ಎಣಿಕೆಯ ಮೇಲೆ ಚಿಕಿತ್ಸೆಯೇ ನಿಂತಿದೆ. ಹರ್-2 ಜೀನ್‌ನ ಪ್ರತಿಗಳು ಹೆಚ್ಚಿರುವ ಸ್ತನ ಕ್ಯಾನ್ಸರಿಗೆ ಟ್ರಾಸ್ಟುಜುಮಾಬ್ ಔಷಧ 1998ರಲ್ಲಿ, ಬಿಸಿಆರ್-ಎಬಿಎಲ್ ಬೆಸುಗೆಯ ರಕ್ತ ಕ್ಯಾನ್ಸರಿಗೆ ಇಮ್ಯಾಟಿನಿಬ್ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ದೋಷವನ್ನು ಗುರುತಿಸದಿದ್ದರೆ ಸರಿಯಾದ ಔಷಧ ಸರಿಯಾದ ರೋಗಿಗೆ ತಲುಪುವುದಿಲ್ಲ.

ಒಂದು ಮಿತಿಯನ್ನು ಮರೆಯಬಾರದು. ಪ್ರೋಬ್ ಕೇಳಿದ ಪ್ರಶ್ನೆಗಷ್ಟೇ ಉತ್ತರಿಸುತ್ತದೆ. ಪಕ್ಕದಲ್ಲೇ ಬೇರೊಂದು ದೋಷವಿದ್ದರೂ ಅದಕ್ಕೆ ಕಾಣದು. ಹಾಗಾಗಿ ವರ್ಣತಂತುಗಳನ್ನೆಲ್ಲ ಸಾಲಾಗಿ ಜೋಡಿಸಿ ನೋಡುವ ಹಳೆಯ ಪರೀಕ್ಷೆಯನ್ನು ಇಂದಿಗೂ ಕೈಬಿಟ್ಟಿಲ್ಲ.