ಡೆಸ್ಕ್‌ಟಾಪ್ ಡಿಎಸಿ

ಡೆಸ್ಕ್‌ಟಾಪ್ ಡಿಎಸಿ ಎಂಬುದು ಕಂಪ್ಯೂಟರ್, ಟಿವಿ ಅಥವಾ ಸಿಡಿ ಪ್ಲೇಯರ್‌ನಿಂದ ಅಂಕಿಗಳ ರೂಪದಲ್ಲಿ ಬರುವ ಧ್ವನಿಯನ್ನು ಆಂಪ್ಲಿಫೈಯರ್ ಹಾಗೂ ಸ್ಪೀಕರ್‌ಗಳು ಬಳಸಬಲ್ಲ ಅನಲಾಗ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ, ಮೇಜಿನ ಮೇಲೆ ಇಡಬಹುದಾದ ಪ್ರತ್ಯೇಕ ಸಾಧನವಾಗಿದೆ. ಡಿಎಸಿ ಎಂದರೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್. ಇದನ್ನು ಆಡುಮಾತಿನಲ್ಲಿ ಡ್ಯಾಕ್ ಎಂದೂ ಕರೆಯುತ್ತಾರೆ. ಧ್ವನಿ ಹೊರಡಿಸುವ ಪ್ರತಿಯೊಂದು ಮೊಬೈಲ್ ಫೋನ್ ಮತ್ತು ಲ್ಯಾಪ್‌ಟಾಪ್‌ನ ಒಳಗೂ ಇಂಥ ಪರಿವರ್ತಕ ಇದ್ದೇ ಇರುತ್ತದೆ. ಅದನ್ನು ಕಂಪ್ಯೂಟರಿನ ಒಳಗಿನ ವಿದ್ಯುತ್ ಗದ್ದಲದಿಂದ ಹೊರಗೆ ತಂದು ಬೇರೆ ಪೆಟ್ಟಿಗೆಯಲ್ಲಿ ಇಡುವುದೇ ಡೆಸ್ಕ್‌ಟಾಪ್ ಡಿಎಸಿಯ ಉದ್ದೇಶ. ಕಡಿಮೆ ಬೆಲೆಯ ಡಿಎಸಿಗಳಲ್ಲಿ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಹಲವು ಪರಿವರ್ತಕದ ಚಿಪ್‌ಗೆ ಸಂಬಂಧಿಸಿದವುಗಳಲ್ಲ. ಅವು ವಿದ್ಯುತ್ ಪೂರೈಕೆ ಮತ್ತು ಜೋಡಣೆಗೆ ಸಂಬಂಧಿಸಿದವು.

ಕಾರ್ಯವಿಧಾನ

ಡಿಜಿಟಲ್ ಧ್ವನಿಯು ಒಂದು ಸೆಕೆಂಡಿಗೆ ಸಾವಿರಾರು ಬಾರಿ ಅಳೆದ ಸಂಖ್ಯೆಗಳ ಸಾಲು. ಸಿಡಿಯಲ್ಲಿ ಈ ದರ ಸೆಕೆಂಡಿಗೆ 44,100 ಆಗಿದ್ದು, ಪ್ರತಿ ಸಂಖ್ಯೆಯು 16 ಬಿಟ್‌ಗಳಷ್ಟು ಉದ್ದವಿರುತ್ತದೆ. ಡಿಎಸಿಯು ಪ್ರತಿ ಸಂಖ್ಯೆಗೆ ತಕ್ಕ ವೋಲ್ಟೇಜನ್ನು ಉತ್ಪಾದಿಸಿ, ಬಳಿಕ ಶೋಧಕದ ಮೂಲಕ ಅದನ್ನು ನಯವಾದ ತರಂಗವಾಗಿಸುತ್ತದೆ. 16 ಬಿಟ್ ಧ್ವನಿಯಲ್ಲಿ ಅತಿ ದೊಡ್ಡ ಸದ್ದಿಗೂ ಗದ್ದಲದ ಮಟ್ಟಕ್ಕೂ ಇರುವ ಅಂತರ ಸೈದ್ಧಾಂತಿಕವಾಗಿ ಸುಮಾರು 98 ಡೆಸಿಬೆಲ್. ಇಂದು ಬಳಕೆಯಲ್ಲಿರುವ ಚಿಪ್‌ಗಳಲ್ಲಿ ಹೆಚ್ಚಿನವು ಡೆಲ್ಟಾ-ಸಿಗ್ಮಾ ವಿಧಾನವನ್ನು ಅನುಸರಿಸುತ್ತವೆ. ರೆಸಿಸ್ಟರ್‌ಗಳ ಏಣಿಯಂಥ ಜೋಡಣೆಯನ್ನು ಬಳಸುವ ಹಳೆಯ ವಿಧಾನವೂ ಕೆಲವು ತಯಾರಕರಲ್ಲಿ ಉಳಿದುಕೊಂಡಿದೆ.

ಇತಿಹಾಸ

1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಪರಿವರ್ತಕವು ಪ್ಲೇಯರ್‌ನ ಒಳಗೇ ಇರುತ್ತಿತ್ತು. ಫಿಲಿಪ್ಸ್ ಕಂಪನಿಯ ಮೊದಲ ಪ್ಲೇಯರ್‌ಗಳಲ್ಲಿ 14 ಬಿಟ್‌ಗಳ ಚಿಪ್ ಇದ್ದು, ನಾಲ್ಕು ಪಟ್ಟು ಹೆಚ್ಚಿನ ಮಾದರಿ ದರದ ನೆರವಿನಿಂದ ಆ ಕೊರತೆಯನ್ನು ತುಂಬಿಕೊಳ್ಳಲಾಗಿತ್ತು. 1980ರ ದಶಕದಲ್ಲಿಯೇ ಪ್ರತ್ಯೇಕ ಡಿಎಸಿಗಳು ಬಂದರೂ ಅವು ದುಬಾರಿ ವಸ್ತುಗಳಾಗಿದ್ದವು. ಯುಎಸ್‌ಬಿ ಧ್ವನಿ ಸಾಧನಗಳ ಮಾನಕವು 1998ರಲ್ಲಿ ಪ್ರಕಟವಾದ ಮೇಲೆ, ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆ ಕಂಪ್ಯೂಟರಿಗೆ ಧ್ವನಿ ಸಾಧನವನ್ನು ಜೋಡಿಸುವುದು ಸಾಧ್ಯವಾಯಿತು.

ಅಗ್ಗದ ಡಿಎಸಿಗಳ ಕಥೆಯಲ್ಲಿ 2012 ಮುಖ್ಯ ವರ್ಷ. ಅಮೆರಿಕದ ಶೀಟ್ ಆಡಿಯೋ ಕಂಪನಿಯು ಆ ವರ್ಷ 99 ಡಾಲರ್ ಬೆಲೆಯ ಮೋಡಿ ಎಂಬ ಡಿಎಸಿಯನ್ನು ಹೊರತಂದಿತು. ಅದಕ್ಕೆ ಬೇಕಾದ ವಿದ್ಯುತ್ ಯುಎಸ್‌ಬಿ ಕೇಬಲ್ಲಿನಿಂದಲೇ ದೊರೆಯುತ್ತಿತ್ತು. ಅದೇ ವರ್ಷ ಎನ್‌ಡಬ್ಲ್ಯುಎವಿಗೈ ಎಂಬ ಗುಪ್ತನಾಮದ ಎಂಜಿನಿಯರ್ ವಿನ್ಯಾಸದಲ್ಲಿ ಪಾಲುಗೊಂಡಿದ್ದ ಓಡಿಎಸಿ ಬಂದಿತು. ಆತ ಅದಕ್ಕೂ ಮೊದಲು 2011ರಲ್ಲಿ ಓ2 ಎಂಬ ಹೆಡ್‌ಫೋನ್ ಆಂಪ್ಲಿಫೈಯರ್‌ನ ನಕ್ಷೆಯನ್ನು ಯಾರು ಬೇಕಾದರೂ ತಯಾರಿಸಿಕೊಳ್ಳಲೆಂದು ಪ್ರಕಟಿಸಿದ್ದ. ದುಬಾರಿ ಸಾಧನಗಳ ಕುರಿತ ಬಣ್ಣನೆಗಿಂತ ಅಳತೆಯ ಅಂಕಿಗಳೇ ಮುಖ್ಯ ಎಂಬುದು ಆತನ ವಾದವಾಗಿತ್ತು. 2012ರಲ್ಲಿಯೇ ಆತ ಬರೆಯುವುದನ್ನು ನಿಲ್ಲಿಸಿದ. ಮುಂದೆ ಟಾಪಿಂಗ್, ಎಸ್‌ಎಂಎಸ್‌ಎಲ್, ಫಿಯೋ ಮುಂತಾದ ಚೀನೀ ಕಂಪನಿಗಳು ಈ ವರ್ಗದಲ್ಲಿ ಪ್ರಬಲವಾದವು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಅಸಾಹಿ ಕಾಸೆ ಮೈಕ್ರೋಡಿವೈಸಸ್ ಕಾರ್ಖಾನೆಗೆ ಬೆಂಕಿ ಬಿದ್ದುದರಿಂದ ಡಿಎಸಿ ಚಿಪ್‌ಗಳ ಕೊರತೆ ಉಂಟಾಗಿ, ಹಲವು ತಯಾರಕರು ಇಎಸ್‌ಎಸ್ ಮೊದಲಾದ ಬೇರೆ ಕಂಪನಿಗಳ ಚಿಪ್‌ಗಳಿಗೆ ತಕ್ಕಂತೆ ವಿನ್ಯಾಸ ಬದಲಿಸಬೇಕಾಯಿತು.

ಜೋಡಣೆ

ಡಿಎಸಿಗೆ ಸಂಕೇತ ತಲುಪುವ ದಾರಿಗಳು ಮುಖ್ಯವಾಗಿ ಮೂರು: ಯುಎಸ್‌ಬಿ, 75 ಓಮ್‌ನ ಕೋಆಕ್ಸಿಯಲ್ ತಂತಿ ಮತ್ತು ಬೆಳಕಿನ ಮೂಲಕ ಸಾಗುವ ಟಾಸ್‌ಲಿಂಕ್. ಕಂಪ್ಯೂಟರಿಗೆ ಯುಎಸ್‌ಬಿ ಸಹಜ ಆಯ್ಕೆ. ಟಿವಿಗೆ ಟಾಸ್‌ಲಿಂಕ್ ಸೂಕ್ತ. ಟಿವಿಯಿಂದ ಜೋಡಿಸುವಾಗ ಅದರ ಧ್ವನಿ ಆಯ್ಕೆಯನ್ನು ಪಿಸಿಎಂ ಎಂದು ಬದಲಿಸಬೇಕಾಗುತ್ತದೆ. ಡಾಲ್ಬಿ ರೂಪದಲ್ಲಿ ಬರುವ ಸಂಕೇತವನ್ನು ಸಾಧಾರಣ ಡಿಎಸಿ ಬಿಡಿಸಲಾರದು; ಆಗ ಸದ್ದೇ ಬರುವುದಿಲ್ಲ, ಇಲ್ಲವೇ ಕರಕರ ಶಬ್ದ ಬರುತ್ತದೆ. ಸಾಧನ ಕೆಟ್ಟಿದೆ ಎಂದು ಹಿಂದಿರುಗಿಸುವ ಮೊದಲು ಇದನ್ನು ಪರೀಕ್ಷಿಸುವುದು ಒಳಿತು.

ಯುಎಸ್‌ಬಿ ಧ್ವನಿ ಮಾನಕದ ಮೊದಲ ಆವೃತ್ತಿಯಲ್ಲಿ ಎರಡು ವಾಹಿನಿಗಳ ಧ್ವನಿಯು 24 ಬಿಟ್, 96 ಕಿಲೋಹರ್ಟ್ಸ್‌ವರೆಗೆ ಸಾಗಬಲ್ಲದು. ಅದಕ್ಕಿಂತ ಹೆಚ್ಚಿನ ದರಗಳಿಗೆ ಎರಡನೇ ಆವೃತ್ತಿ ಬೇಕು. ಲಿನಕ್ಸ್ ಮತ್ತು ಮ್ಯಾಕ್ ವ್ಯವಸ್ಥೆಗಳು ಇದನ್ನು ಬಹಳ ಹಿಂದೆಯೇ ಅಳವಡಿಸಿಕೊಂಡವು. ವಿಂಡೋಸ್‌ನಲ್ಲಿ ಮಾತ್ರ 2017ರ ವಿಂಡೋಸ್ 10 ಪರಿಷ್ಕರಣೆಯವರೆಗೆ ತಯಾರಕರ ಚಾಲಕ ತಂತ್ರಾಂಶವನ್ನು ಹಾಕಿಕೊಳ್ಳಬೇಕಿತ್ತು.

ಡಿಎಸಿಯ ಹೊರಬದಿಯಲ್ಲಿರುವ ಕೆಂಪು ಮತ್ತು ಬಿಳಿ ಆರ್‌ಸಿಎ ಕಿಂಡಿಗಳು ಕ್ರಮವಾಗಿ ಬಲ ಮತ್ತು ಎಡ ವಾಹಿನಿಗಳಿಗೆ ಸೇರಿದವು. ಇವುಗಳಿಂದ ಹೊರಡುವ ಸಂಕೇತ ಸಾಮಾನ್ಯವಾಗಿ 2 ವೋಲ್ಟ್‌ನಷ್ಟಿರುತ್ತದೆ. ಇದು ಆಂಪ್ಲಿಫೈಯರ್ ಅಥವಾ ಆಂಪ್ಲಿಫೈಯರನ್ನು ಒಳಗೊಂಡ ಸ್ಪೀಕರ್‌ಗೆ ಕೊಡಬೇಕಾದ ಸಂಕೇತವೇ ಹೊರತು ಹೆಡ್‌ಫೋನನ್ನು ನೇರವಾಗಿ ನಡೆಸುವಷ್ಟು ಶಕ್ತಿಯುಳ್ಳದ್ದಲ್ಲ. ಅನೇಕ ಅಗ್ಗದ ಡಿಎಸಿಗಳಲ್ಲಿ ಧ್ವನಿ ಹೆಚ್ಚು-ಕಡಿಮೆ ಮಾಡುವ ಗುಂಡಿ ಇರುವುದಿಲ್ಲವಾದ್ದರಿಂದ ಪೂರ್ಣ ಮಟ್ಟದ ಸಂಕೇತ ಒಮ್ಮೆಲೇ ಆಂಪ್ಲಿಫೈಯರಿಗೆ ಹೋಗುತ್ತದೆ. ಹೀಗಾಗಿ ಮೊದಲ ಬಾರಿ ಹಚ್ಚುವಾಗ ಆಂಪ್ಲಿಫೈಯರಿನ ಗುಂಡಿಯನ್ನು ಪೂರ್ತಿ ತಗ್ಗಿಸಿರಬೇಕು; ಇಲ್ಲವಾದಲ್ಲಿ ಸ್ಪೀಕರಿಗೂ ಕಿವಿಗೂ ಹಾನಿಯಾಗಬಹುದು. ಡಿಎಸಿಯನ್ನು ಮೊದಲು, ಆಂಪ್ಲಿಫೈಯರನ್ನು ಕೊನೆಗೆ ಹಚ್ಚುವುದು ಮತ್ತು ಆರಿಸುವಾಗ ಈ ಕ್ರಮವನ್ನು ತಿರುಗಿಸುವುದು ರೂಢಿ. ಇದರಿಂದ ಡಪ್ ಎಂಬ ಸದ್ದು ಸ್ಪೀಕರನ್ನು ತಲುಪುವುದಿಲ್ಲ.

ವಿದ್ಯುತ್ ಪೂರೈಕೆ

ಯುಎಸ್‌ಬಿ 2.0 ಕಿಂಡಿಯು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್‌ವರೆಗೆ, ಅಂದರೆ 2.5 ವ್ಯಾಟ್ ಒದಗಿಸುತ್ತದೆ, ಯುಎಸ್‌ಬಿ 3.0 ಕಿಂಡಿಯಲ್ಲಿ ಇದು 900 ಮಿಲಿಆಂಪಿಯರ್. ಹೆಡ್‌ಫೋನ್ ಆಂಪ್ಲಿಫೈಯರ್ ಇಲ್ಲದ ಚಿಕ್ಕ ಡಿಎಸಿಗೆ ಇಷ್ಟು ಧಾರಾಳವಾಗಿ ಸಾಕು. ಆದರೆ ಕಂಪ್ಯೂಟರಿನ 5 ವೋಲ್ಟ್ ಪೂರೈಕೆ ಸ್ವಚ್ಛವಾಗಿರುವುದಿಲ್ಲ. ಮೌಸ್ ಆಡಿಸಿದಾಗ ಅಥವಾ ಪುಟ ಸರಿಸಿದಾಗ ಸ್ಪೀಕರಿನಲ್ಲಿ ಸಣ್ಣಗೆ ಚಿರ್ ಎನ್ನುವ ಸದ್ದು ಕೇಳಿಸಿದರೆ ಅದು ಈ ಗದ್ದಲದ ಗುರುತು. ಉತ್ತಮ ವಿನ್ಯಾಸಗಳಲ್ಲಿ ಪೆಟ್ಟಿಗೆಯ ಒಳಗಿನ ರೆಗ್ಯುಲೇಟರ್‌ಗಳು ಇದನ್ನು ತಡೆಯುತ್ತವೆ. ಕೆಲವು ಡಿಎಸಿಗಳಲ್ಲಿ ದತ್ತಾಂಶಕ್ಕೊಂದು, ವಿದ್ಯುತ್ತಿಗೊಂದು ಎಂದು ಎರಡು ಕಿಂಡಿಗಳಿದ್ದು, ಎರಡನೆಯದನ್ನು 5 ವೋಲ್ಟ್‌ನ ಮೊಬೈಲ್ ಚಾರ್ಜರಿಗೆ ಜೋಡಿಸಬಹುದು. ವೇಗದ ಚಾರ್ಜರ್‌ಗಳು ಸಾಧನ ಕೇಳದ ಹೊರತು ಹೆಚ್ಚಿನ ವೋಲ್ಟೇಜ್ ನೀಡುವುದಿಲ್ಲವಾದ್ದರಿಂದ ಅವುಗಳನ್ನೂ ಬಳಸಬಹುದು.

ಟೈಪ್-ಸಿ ಕಿಂಡಿಯುಳ್ಳ ಕೆಲವು ಅಗ್ಗದ ಸಾಧನಗಳು ಎರಡೂ ತುದಿ ಟೈಪ್-ಸಿ ಆಗಿರುವ ಕೇಬಲ್ ಹಾಕಿದರೆ ಹತ್ತುವುದೇ ಇಲ್ಲ. ವಿದ್ಯುತ್ ಬೇಕೆಂದು ಸೂಚಿಸುವ 5.1 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಉಳಿತಾಯಕ್ಕಾಗಿಯೋ ಅಚಾತುರ್ಯದಿಂದಲೋ ಕೈಬಿಟ್ಟಿರುವುದೇ ಇದಕ್ಕೆ ಕಾರಣ. ಒಂದು ತುದಿ ಹಳೆಯ ಚಪ್ಪಟೆ ಟೈಪ್-ಎ ಆಗಿರುವ ಕೇಬಲ್ ಬಳಸಿದರೆ ಸಾಧನ ಕೆಲಸ ಮಾಡುತ್ತದೆ.

ಗೋಡೆಯ ಅಡಾಪ್ಟರಿನಿಂದ ನಡೆಯುವ ಡಿಎಸಿಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಅಡಾಪ್ಟರ್ ಕಳೆದುಹೋಗಿ ಬೇರೊಂದನ್ನು ಹುಡುಕುವಾಗ ನಾಲ್ಕು ಸಂಗತಿಗಳು ಹೊಂದಬೇಕು: ವೋಲ್ಟೇಜ್, ಪ್ರವಾಹದ ಸಾಮರ್ಥ್ಯ, ಧ್ರುವೀಯತೆ ಮತ್ತು ಪ್ರವಾಹದ ಬಗೆ. ವೋಲ್ಟೇಜ್ ಸಾಧನದ ಮೇಲೆ ನಮೂದಾದಷ್ಟೇ ಇರಬೇಕು. ಪ್ರವಾಹದ ಸಾಮರ್ಥ್ಯ ಮಾತ್ರ ಹೆಚ್ಚಿದ್ದರೂ ಬಾಧಕವಿಲ್ಲ. 1 ಆಂಪಿಯರ್ ಬೇಡುವ ಸಾಧನಕ್ಕೆ 2 ಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಅದು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ದುಂಡನೆಯ ಪಿನ್ನಿನ ನಡುಭಾಗ ಧನವೋ ಋಣವೋ ಎಂಬುದನ್ನು ಅಡಾಪ್ಟರಿನ ಮೇಲಿನ ಚಿಕ್ಕ ಚಿತ್ರ ತೋರಿಸುತ್ತದೆ. ಹೊರ ಅಳತೆ 5.5 ಮಿಲಿಮೀಟರ್ ಇರುವ ಪಿನ್ನುಗಳಲ್ಲಿ ಒಳ ರಂಧ್ರ 2.1 ಅಥವಾ 2.5 ಮಿಲಿಮೀಟರ್ ಇರುವುದುಂಟು. ನೋಟಕ್ಕೆ ಒಂದೇ ಎನಿಸಿದರೂ ಇವು ಸರಿಯಾಗಿ ಹೊಂದುವುದಿಲ್ಲ.

ನಾಲ್ಕನೆಯ ಸಂಗತಿಯಲ್ಲಿಯೇ ಹಲವರು ಎಡವುತ್ತಾರೆ. ಎಲ್ಲ ಅಡಾಪ್ಟರ್‌ಗಳೂ ನೇರ ಪ್ರವಾಹ ನೀಡುವುದಿಲ್ಲ. ಮೇಲೆ ಹೇಳಿದ ಓ2 ಆಂಪ್ಲಿಫೈಯರ್ ಹಾಗೂ ಶೀಟ್ ಕಂಪನಿಯ ಕೆಲವು ಸಾಧನಗಳಿಗೆ ಪರ್ಯಾಯ ಪ್ರವಾಹ ನೀಡುವ ಅಡಾಪ್ಟರ್ ಬೇಕು. ಅದರೊಳಗೆ ಟ್ರಾನ್ಸ್‌ಫಾರ್ಮರ್ ಮಾತ್ರ ಇದ್ದು, ರೆಕ್ಟಿಫೈಯರ್ ಸಾಧನದ ಒಳಗಿರುತ್ತದೆ. ಧನ ಮತ್ತು ಋಣ ಎರಡೂ ವೋಲ್ಟೇಜುಗಳನ್ನು ಅಗ್ಗವಾಗಿ ಪಡೆಯುವ ದಾರಿ ಇದು. ಇಂಥ ಓ2ಗೆ ನೇರ ಪ್ರವಾಹ ಕೊಟ್ಟರೆ ಎರಡರಲ್ಲಿ ಒಂದು ಪೂರೈಕೆ ದೊರೆಯದೆ ಅದು ನಡೆಯುವುದಿಲ್ಲ. ನೇರ ಪ್ರವಾಹದ ಸಾಧನಕ್ಕೆ ಪರ್ಯಾಯ ಪ್ರವಾಹ ಕೊಟ್ಟರೆ ಅದು ಸುಟ್ಟುಹೋಗುವ ಸಂಭವವಿದೆ.

ಅಮೆರಿಕದಲ್ಲಿ ಕೊಂಡು ಭಾರತಕ್ಕೆ ತರುವ ಸಾಧನಗಳಲ್ಲಿ ಇನ್ನೊಂದು ಅಪಾಯವಿದೆ. ಅಲ್ಲಿನ ಮನೆಗಳಲ್ಲಿ 120 ವೋಲ್ಟ್, ಭಾರತದಲ್ಲಿ 230 ವೋಲ್ಟ್. ಹಗುರವಾದ ಸ್ವಿಚಿಂಗ್ ಅಡಾಪ್ಟರ್‌ಗಳ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂಬ ನಮೂದು ಇದ್ದು, ಅವು ಎರಡೂ ಕಡೆ ನಡೆಯುತ್ತವೆ. ಕೈಗೆ ಭಾರವೆನಿಸುವ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಹಾಗಲ್ಲ. ಪಿನ್ ಬದಲಿಸುವ ಪ್ಲಗ್ ಹಾಕಿ 230 ವೋಲ್ಟ್‌ಗೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಕಾದು ಸುಡುತ್ತದೆ. ಚದರ ತರಂಗ ನೀಡುವ ಮನೆಯ ಇನ್ವರ್ಟರ್‌ನಲ್ಲಿಯೂ ಇಂಥ ಅಡಾಪ್ಟರ್‌ಗಳು ಗುಂಯ್‌ಗುಟ್ಟುವುದುಂಟು.

ಗುಂಯ್‌ಗುಡುವಿಕೆ ಮತ್ತು ಅರ್ಥಿಂಗ್

ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡೂ ಮೂರು ಪಿನ್ನಿನ ಪ್ಲಗ್ ಮೂಲಕ ಅರ್ಥ್ ಆಗಿದ್ದು, ಅವುಗಳ ನಡುವೆ ಡಿಎಸಿಯ ತಂತಿಗಳೂ ಸೇರಿದಾಗ ಒಂದು ಮುಚ್ಚಿದ ಸುತ್ತು ಏರ್ಪಡುತ್ತದೆ. ಆ ಸುತ್ತಿನಲ್ಲಿ ಹರಿಯುವ ಅಲ್ಪ ಪ್ರವಾಹವು ಭಾರತದಲ್ಲಿ 50 ಹರ್ಟ್ಸ್ ಮತ್ತು ಅದರ ಗುಣಕಗಳ ಗುಂಯ್ ಸದ್ದಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪ್ ಆಗಿದ್ದಲ್ಲಿ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡುವುದು ಸುಲಭವಾದ ಪರೀಕ್ಷೆ. ಸದ್ದು ನಿಂತರೆ ದೋಷ ಡಿಎಸಿಯದಲ್ಲ. ಎಲ್ಲ ಸಾಧನಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಿಂದ ನಡೆಸುವುದರಿಂದ ಹಲವು ಸಲ ತೊಂದರೆ ಕಡಿಮೆಯಾಗುತ್ತದೆ. ಟಾಸ್‌ಲಿಂಕ್‌ನಲ್ಲಿ ಸಾಗುವುದು ಬೆಳಕು ಮಾತ್ರವಾದ್ದರಿಂದ ಅದು ಸುತ್ತನ್ನೇ ಕಡಿದುಹಾಕುತ್ತದೆ. ಯುಎಸ್‌ಬಿ ಐಸೊಲೇಟರ್‌ಗಳೂ ಇದೇ ಕೆಲಸ ಮಾಡುತ್ತವೆ. ಆದರೆ ಎಡಿಯುಎಂ4160 ಚಿಪ್ ಬಳಸುವ ಅಗ್ಗದ ಐಸೊಲೇಟರ್‌ಗಳು ಸೆಕೆಂಡಿಗೆ 12 ಮೆಗಾಬಿಟ್ ವೇಗಕ್ಕೆ ಸೀಮಿತವಾಗಿದ್ದು, ಯುಎಸ್‌ಬಿ ಧ್ವನಿ ಮಾನಕದ ಮೊದಲ ಆವೃತ್ತಿಯ ದರಗಳಿಗಷ್ಟೇ ಒದಗುತ್ತವೆ.

ಸದ್ದು ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನು ಕತ್ತರಿಸುವ ಅಥವಾ ಅದರ ತಂತಿ ಬಿಚ್ಚುವ ಅಭ್ಯಾಸ ಕೆಲವೆಡೆ ಇದೆ. ಇದು ಪ್ರಾಣಾಪಾಯಕಾರಿ. ಒಳಗೆ ತಂತಿ ಕಳಚಿ ಲೋಹದ ಹೊರಕವಚಕ್ಕೆ ತಗುಲಿದಾಗ ಫ್ಯೂಸ್ ಹೋಗುವಂತೆ ಮಾಡುವುದು ಆ ಅರ್ಥ್ ಸಂಪರ್ಕವೇ. ಎರಡು ಪಿನ್ನಿನ ಚಾರ್ಜರಿಗೆ ಹಾಕಿದ ಲೋಹದ ಲ್ಯಾಪ್‌ಟಾಪ್ ಮುಟ್ಟಿದಾಗ ಜುಂ ಎನಿಸುವುದು ಬೇರೆ ಸಂಗತಿ. ಅದು ಗದ್ದಲ ಶೋಧಿಸುವ ಕೆಪಾಸಿಟರ್ ಮೂಲಕ ಸೋರುವ ಅತ್ಯಲ್ಪ ಪ್ರವಾಹ. ಡಿಎಸಿಯ ಮೂಲಕ ಅದೂ ಸದ್ದಾಗಿ ಕೇಳಿಸಬಹುದು.

ಟೀಕೆ

ದುಬಾರಿ ಡಿಎಸಿಗಳು ಕೇಳುಗರ ಅನುಭವವನ್ನು ಎಷ್ಟರಮಟ್ಟಿಗೆ ಬದಲಿಸುತ್ತವೆ ಎಂಬುದು ವಿವಾದಾಸ್ಪದ. ಇಂದಿನ ಅಗ್ಗದ ಚಿಪ್‌ಗಳಲ್ಲಿಯೂ ಗದ್ದಲ ಮತ್ತು ವಿರೂಪ ಕಿವಿಯ ಗ್ರಹಿಕೆಗಿಂತ ಕೆಳಗಿದ್ದು, ಸದ್ದಿನ ಮಟ್ಟವನ್ನು ಸಮಗೊಳಿಸಿ, ಹೆಸರು ತಿಳಿಸದೆ ಕೇಳಿಸಿದಾಗ ವ್ಯತ್ಯಾಸ ಗುರುತಿಸುವುದು ಕಷ್ಟವೆಂದು ಅಳತೆಯ ಪಕ್ಷದವರು ವಾದಿಸುತ್ತಾರೆ. ಮಟ್ಟ ಸಮಗೊಳಿಸುವುದು ಇಲ್ಲಿ ಮುಖ್ಯ. ತುಸು ಜೋರಾಗಿ ಕೇಳಿಸುವ ಸಾಧನವೇ ಉತ್ತಮವೆಂದು ಕಿವಿ ಸುಲಭವಾಗಿ ನಂಬುತ್ತದೆ. ಪ್ರತ್ಯೇಕವಾಗಿ ಮಾರುವ ದುಬಾರಿ ವಿದ್ಯುತ್ ಪೂರೈಕೆಗಳಿಗೂ ಈ ಟೀಕೆ ಅನ್ವಯಿಸುತ್ತದೆ: ಡಿಎಸಿಯ ಒಳಗಿನ ರೆಗ್ಯುಲೇಟರ್ ಚೆನ್ನಾಗಿದ್ದರೆ ಹೊರಗಿನ ಬದಲಾವಣೆ ಅದರ ಔಟ್‌ಪುಟ್‌ನಲ್ಲಿ ಬಹುಮಟ್ಟಿಗೆ ಕಾಣಿಸುವುದಿಲ್ಲ.