ಬೊಜ್ಜಿಗೆ ಶಸ್ತ್ರಚಿಕಿತ್ಸೆ: ಇತಿಹಾಸ ಏನು ಹೇಳುತ್ತದೆ?



ಕಳೆದ ವರ್ಷ ನಮ್ಮ ಸಂಘದ ವಿದ್ಯಾರ್ಥಿವೇತನ ವಿತರಣಾ ಸಮಾರಂಭ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದರು. ಅವರ ಪತ್ನಿಗೆ 46 ವರ್ಷ. ಎತ್ತರ 160 ಸೆಂ.ಮೀ., ತೂಕ 90 ಕಿಲೋ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಾತ್ರಿ ಮಲಗಲು ಬಿಡದ ಎದೆಯುರಿ. ಒಂದು ಆಸ್ಪತ್ರೆಯಲ್ಲಿ ‘ಸ್ಲೀವ್’ ಮಾಡಿಸಿ ಎಂದಿದ್ದರು, ಇನ್ನೊಂದರಲ್ಲಿ ‘ಬೈಪಾಸ್’ ಎಂದಿದ್ದರು. ತಿಂಗಳೊಳಗೆ ಹಣ ಕಟ್ಟಿದರೆ ರಿಯಾಯಿತಿ ಇದೆಯೆಂದು ಮೊದಲ ಕಡೆಯಿಂದ ಎರಡು ದಿನಕ್ಕೊಮ್ಮೆ ಫೋನ್ ಬರುತ್ತಿತ್ತು. “ಮಾಸ್ಟ್ರೇ, ನೀವು ಓದಿದವರು. ಯಾವುದು ಒಳ್ಳೆಯದು, ಯಾರ ಹತ್ತಿರ ಹೋಗಬೇಕು, ನೀವೇ ಹೇಳಿ” ಎಂದರು.

ನಾನು ವೈದ್ಯನಲ್ಲ, ಇತಿಹಾಸದ ಅಧ್ಯಾಪಕ. ಅಂದು ಅವರಿಗೆ ಉತ್ತರ ಕೊಡಲಾಗಲಿಲ್ಲ. ಆದರೆ ಮನೆಗೆ ಬಂದ ಮೇಲೆ ನನಗೆ ತಿಳಿದ ದಾರಿಯಲ್ಲೇ, ಅಂದರೆ ಇತಿಹಾಸದ ಮೂಲಕವೇ, ಈ ಪ್ರಶ್ನೆಯನ್ನು ಹಿಂಬಾಲಿಸಿದೆ. ಅಲ್ಲಿ ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂಬುದನ್ನು ಕಲಿಸಿಕೊಡುವ ಪಾಠ ಎಂದಷ್ಟೇ ತಿಳಿಯಿರಿ.

ಸಿಂಹಾಸನ ಕಳೆದುಕೊಂಡ ಅರಸ

ಇಂದಿನ ಸ್ಪೇನಿನ ಉತ್ತರ ಭಾಗದಲ್ಲಿ ಹತ್ತನೇ ಶತಮಾನದಲ್ಲಿ ಲಿಯೋನ್ ಎಂಬ ಕ್ರೈಸ್ತ ರಾಜ್ಯವಿತ್ತು. ಅದರ ಅರಸ ಮೊದಲನೇ ಸಾಂಚೋ. ‘ದಢೂತಿ ಸಾಂಚೋ’ ಎಂಬ ಹೆಸರಿನಿಂದಲೇ ಆತ ಚರಿತ್ರೆಯಲ್ಲಿ ಉಳಿದಿದ್ದಾನೆ. ಕುದುರೆ ಏರಲೂ ಆಗದಷ್ಟು ಆತನ ಮೈ ಬೆಳೆದಿತ್ತು. ಯುದ್ಧಕ್ಕೆ ಹೋಗಲಾರದ ಅರಸನನ್ನು ಸಾಮಂತರು 958ರಲ್ಲಿ ಪಟ್ಟದಿಂದ ಇಳಿಸಿದರು. ಆಗ ಆತನ ಅಜ್ಜಿ, ನವಾರ್ರೆಯ ರಾಣಿ ತೋದಾ, ಸಹಾಯಕ್ಕಾಗಿ ನೋಡಿದ್ದು ದಕ್ಷಿಣದ ಕೊರ್ಡೋವಾದ ಕಡೆಗೆ. ಅಲ್ಲಿ ಖಲೀಫ ಮೂರನೇ ಅಬ್ದುರ್ರಹ್ಮಾನರ ಆಸ್ಥಾನದಲ್ಲಿ ಹಸ್ದಾಯ್ ಇಬ್ನ್ ಶಪ್ರೂತ್ ಎಂಬ ಯಹೂದಿ ವೈದ್ಯರಿದ್ದರು. ಅವರ ಚಿಕಿತ್ಸೆಯಿಂದ ಸಾಂಚೋನ ಮೈ ಇಳಿಯಿತು. ಖಲೀಫರ ಸೈನ್ಯದ ನೆರವಿನಿಂದ 960ರ ಸುಮಾರಿಗೆ ಆತ ಮತ್ತೆ ಪಟ್ಟಕ್ಕೆ ಬಂದ. ಮುಸ್ಲಿಂ ಆಸ್ಥಾನದಲ್ಲಿ ಯಹೂದಿ ವೈದ್ಯ ಕ್ರೈಸ್ತ ಅರಸನನ್ನು ಗುಣಪಡಿಸಿದ ಪ್ರಸಂಗವಿದು.

ಅರಸನ ಬಾಯಿಯನ್ನು ಹೊಲಿದು ನಳಿಗೆಯಲ್ಲಿ ದ್ರವಾಹಾರ ಕೊಟ್ಟರೆಂಬ ಕತೆಯೂ ಪ್ರಚಾರದಲ್ಲಿದೆ. ಅದು ನಂತರದವರು ಕಟ್ಟಿದ್ದು, ಗಟ್ಟಿ ಆಧಾರವಿಲ್ಲ. ನಾವು ಗಮನಿಸಬೇಕಾದ್ದು ಬೇರೆ. ಅದೇ ಕಾಲದಲ್ಲಿ, ಅದೇ ಕೊರ್ಡೋವಾದ ಬಳಿಯ ಮದೀನತುಝ್ಝಹ್ರಾದಲ್ಲಿ, ಮಧ್ಯಯುಗದ ಶ್ರೇಷ್ಠ ಶಸ್ತ್ರವೈದ್ಯರೆನಿಸಿದ ಅಬುಲ್ ಖಾಸಿಂ ಅಝ್ಝಹ್ರಾವಿ ಬೆಳೆದರು. ಅವರ ‘ಅತ್ತಸ್ರೀಫ್’ ಗ್ರಂಥದ 30 ಭಾಗಗಳಲ್ಲಿ ಕೊನೆಯದು ಶಸ್ತ್ರಚಿಕಿತ್ಸೆಗೇ ಮೀಸಲು. ಅದರ ಪೀಠಿಕೆಯಲ್ಲಿ ಅವರು ಒಂದು ಘಟನೆಯನ್ನು ದಾಖಲಿಸಿದ್ದಾರೆ. ದೇಹರಚನೆ ಅರಿಯದ ವೈದ್ಯನೊಬ್ಬ ಹೆಂಗಸೊಬ್ಬಳ ಕತ್ತಿನ ಗಡ್ಡೆಗೆ ಕತ್ತರಿ ಹಾಕಲು ಹೋಗಿ ರಕ್ತನಾಳ ಕಡಿದ, ಆಕೆ ರಕ್ತ ಸುರಿದು ಪ್ರಾಣಬಿಟ್ಟಳು. ಅಂಗರಚನೆಯ ಜ್ಞಾನವಿಲ್ಲದವನು ಜೀವ ತೆಗೆಯುತ್ತಾನೆ ಎಂಬುದು ಅವರ ಎಚ್ಚರಿಕೆ.

ಬಗ್ದಾದಿನಲ್ಲಿಯೂ ಇಂಥದೇ ಒಂದು ಸಾವಿನಿಂದ ಒಂದು ಕಾನೂನು ಹುಟ್ಟಿತು. 931ರಲ್ಲಿ ವೈದ್ಯನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆತ ಆಜ್ಞೆ ಹೊರಡಿಸಿ, ಹೊಣೆಯನ್ನು ಸಿನಾನ್ ಇಬ್ನ್ ಸಾಬಿತ್ ಎಂಬ ವೈದ್ಯರಿಗೆ ವಹಿಸಿದ. ಆ ನಗರವೊಂದರಲ್ಲೇ 860ಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರೆಂದು ಚರಿತ್ರಕಾರರು ಬರೆದಿದ್ದಾರೆ. ಯಾರಿಗೆ ಯಾವ ಚಿಕಿತ್ಸೆಯ ಯೋಗ್ಯತೆ ಇದೆಯೋ ಅದಕ್ಕೆ ಮಾತ್ರ ಅನುಮತಿ ಕೊಡಲಾಗುತ್ತಿತ್ತು. ವೈದ್ಯರೆಂದ ಮಾತ್ರಕ್ಕೆ ಎಲ್ಲ ಕೆಲಸಕ್ಕೂ ಅರ್ಹರಲ್ಲ ಎಂಬ ಈ ವಿವೇಕವನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಅದು ನಮಗೆ ಬೇಕಾಗುತ್ತದೆ.

ಮೆರೆದು ಮರೆಯಾದ ವಿಧಾನಗಳು

1846ರಲ್ಲಿ ಅರಿವಳಿಕೆ ಬಳಕೆಗೆ ಬರುವವರೆಗೆ ಹೊಟ್ಟೆ ತೆರೆಯುವುದೆಂದರೆ ಬಹುಮಟ್ಟಿಗೆ ಸಾವಿನ ಮಾತು. ಬೊಜ್ಜಿಗೆಂದೇ ಶಸ್ತ್ರಚಿಕಿತ್ಸೆ ಆರಂಭವಾದದ್ದು ಎರಡನೇ ಮಹಾಯುದ್ಧದ ನಂತರ. 1954ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಆರ್ನಾಲ್ಡ್ ಕ್ರೆಮೆನ್, ಜಾನ್ ಲಿನ್ನರ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಆ ದಾರಿಯಲ್ಲಿ ಬೆಳೆದ ಚಿಕಿತ್ಸೆಯಲ್ಲಿ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನ ಬಹುಪಾಲನ್ನು ಪಕ್ಕಕ್ಕಿಟ್ಟು, ಆಹಾರಕ್ಕೆ ಅರ್ಧ ಮೀಟರಿನಷ್ಟು ದಾರಿಯನ್ನು ಮಾತ್ರ ಬಿಡುತ್ತಿದ್ದರು.

ತೂಕ ಇಳಿಯಿತು, ಸಂಶಯವಿಲ್ಲ. 1960 ಮತ್ತು 70ರ ದಶಕಗಳಲ್ಲಿ ಸಾವಿರಾರು ಮಂದಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಮೇಲೆ ಲೆಕ್ಕ ಸಿಕ್ಕತೊಡಗಿತು. ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಜೀವಸತ್ವಗಳ ಕೊರತೆ, ಕೆಲವರಿಗೆ ಪಿತ್ತಜನಕಾಂಗವೇ ಕೆಟ್ಟು ಮರಣ. ಎಷ್ಟೋ ಮಂದಿಯ ಹೊಟ್ಟೆಯನ್ನು ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. 1980ರ ದಶಕದಲ್ಲಿ ಈ ವಿಧಾನವನ್ನು ಕೈಬಿಟ್ಟರು. ಮೊದಲ ವರ್ಷದ ತೂಕ ಇಳಿಕೆಯನ್ನಷ್ಟೇ ನೋಡಿ ಚಿಕಿತ್ಸೆಯನ್ನು ಅಳೆಯಬಾರದು ಎಂಬುದು ಮೊದಲ ಪಾಠ.

ಎರಡನೆಯ ದಾರಿ ತೋರಿದವರು ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣು ಮುಂತಾದ ಕಾರಣಕ್ಕೆ ಜಠರದ ಬಹುಭಾಗ ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದು ಕಷ್ಟ ಎಂಬುದನ್ನು ಅವರು ಗಮನಿಸಿದ್ದರು. 1966ರಲ್ಲಿ ಚಿಕಾಶಿ ಇಟೋ ಅವರ ಜೊತೆಗೂಡಿ ಜಠರವನ್ನು ಮೇಲ್ಭಾಗದಲ್ಲಿ ಚಿಕ್ಕ ಚೀಲದಂತೆ ಬೇರ್ಪಡಿಸಿ ಅದಕ್ಕೆ ಕರುಳನ್ನು ಜೋಡಿಸಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್. 1977ರಲ್ಲಿ ವಾರ್ಡ್ ಗ್ರಿಫೆನ್ ಇದಕ್ಕೆ ಸ್ವಿಸ್ ವೈದ್ಯ ಸೀಸರ್ ರೂ ಅವರ ‘ವೈ’ ಆಕಾರದ ಜೋಡಣೆಯನ್ನು ಅಳವಡಿಸಿದರು. 1994ರಲ್ಲಿ ಇದನ್ನು ಲ್ಯಾಪರೋಸ್ಕೋಪಿಯಿಂದ, ಅಂದರೆ ಸಣ್ಣ ತೂತುಗಳ ಮೂಲಕ, ಮಾಡಿದ ವರದಿ ಪ್ರಕಟವಾಯಿತು. ಇಂದಿಗೂ ಅದು ಬಳಕೆಯಲ್ಲಿದೆ.

ಮೇಸನ್ ಅವರ ಎಲ್ಲ ಪ್ರಯತ್ನಗಳೂ ಉಳಿಯಲಿಲ್ಲ. 1980ರ ಹೊತ್ತಿಗೆ ಅವರೇ ರೂಪಿಸಿದ, ಜಠರಕ್ಕೆ ಸ್ಟೇಪಲ್ ಹಾಕಿ ಪಟ್ಟಿ ಬಿಗಿಯುವ ವಿಧಾನ ಕೆಲಕಾಲ ಬಹಳ ಜನಪ್ರಿಯವಾಗಿತ್ತು. ಸ್ಟೇಪಲ್ ಬಿಚ್ಚಿಕೊಂಡವು, ಐಸ್‌ಕ್ರೀಮಿನಂಥ ಮೆತ್ತನೆಯ ಸಿಹಿ ಸಲೀಸಾಗಿ ಇಳಿದು ಹೋಗುತ್ತಿತ್ತು, ತೂಕ ಮರಳಿತು. 1993ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಮ್ಮಿನಲ್ಲಿ ವೈದ್ಯರಾಗಿದ್ದ ಮಿತಿಕು ಬೆಲಾಚೆವ್ ಅವರು ಬಿಗಿ ಸಡಿಲ ಮಾಡಬಲ್ಲ ಸಿಲಿಕಾನ್ ಪಟ್ಟಿಯನ್ನು ಲ್ಯಾಪರೋಸ್ಕೋಪಿಯಿಂದ ತೊಡಿಸಿದರು. 2001ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಕೊಯ್ಯುವುದಿಲ್ಲ, ಬೇಡವಾದರೆ ತೆಗೆಯಬಹುದು ಎಂದು ಲಕ್ಷಾಂತರ ಜನ ಮುಗಿಬಿದ್ದರು. ಪಟ್ಟಿ ಜಾರುವುದು, ಜಠರದೊಳಗೆ ಕೊರೆಯುವುದು, ತೂಕ ಸಾಕಷ್ಟು ಇಳಿಯದಿರುವುದು ಕಂಡುಬಂದು ಬಹಳ ಮಂದಿಗೆ ಎರಡನೇ ಶಸ್ತ್ರಚಿಕಿತ್ಸೆ ಬೇಕಾಯಿತು. ಇಂದು ಅದನ್ನು ತೊಡಿಸುವುದು ಅಪರೂಪ.

ಸ್ಲೀವ್ ಹುಟ್ಟಿದ್ದು ಇನ್ನೊಂದು ಬಗೆಯಲ್ಲಿ. 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮಿಷೆಲ್ ಗಾನ್ಯೇ ಮತ್ತು ಸಂಗಡಿಗರು ಅತಿ ಭಾರದ ರೋಗಿಗಳಿಗೆ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಎರಡು ಕಂತಿನಲ್ಲಿ ಮಾಡತೊಡಗಿದರು. ಮೊದಲ ಕಂತಿನಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ತೆಗೆದು ತೋಳಿನ ಅಂಗಿಯಂತೆ ಕಿರಿದಾಗಿಸುವುದು. ಕೆಲವರಿಗೆ ಅಷ್ಟರಲ್ಲೇ ತೂಕ ಇಳಿದು ಎರಡನೇ ಕಂತು ಬೇಕಾಗಲಿಲ್ಲ. ಹೀಗೆ ಅರ್ಧ ಕೆಲಸವೇ ಪೂರ್ಣ ಚಿಕಿತ್ಸೆಯಾಗಿ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ವಿಧಾನವಾಗಿದೆ. ಆದರೆ ಕತ್ತರಿಸಿ ತೆಗೆದ ಜಠರ ಮರಳಿ ಬರುವುದಿಲ್ಲ ಎಂಬುದನ್ನು ಮರೆಯಬಾರದು.

ಯಾರಿಗೆ, ಯಾವುದು?

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಭೆ ಒಂದು ಅಳತೆ ಹಾಕಿಕೊಟ್ಟಿತು. ಕಿಲೋ ಲೆಕ್ಕದ ತೂಕವನ್ನು, ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿ.ಎಂ.ಐ. ಅದು 40 ಇದ್ದರೆ, ಅಥವಾ 35 ಇದ್ದು ಜೊತೆಗೆ ಗಂಭೀರ ಕಾಯಿಲೆ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. 2022ರಲ್ಲಿ ಅಂತಾರಾಷ್ಟ್ರೀಯ ತಜ್ಞ ಸಂಘಗಳು ಈ ಅಳತೆಯನ್ನು 35ಕ್ಕೆ ಇಳಿಸಿದವು. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ 27.5ರಿಂದಲೇ ಪರಿಗಣಿಸಬಹುದೆಂದು ಹೇಳಿದವು. ನಮ್ಮ ಸದಸ್ಯರ ಪತ್ನಿಯ ಸಂಖ್ಯೆ 35ಕ್ಕಿಂತ ಸ್ವಲ್ಪ ಮೇಲೆ. ಆರೋಗ್ಯ ವಿಮೆಯ ಲೆಕ್ಕ ಬೇರೆ. ನಮ್ಮ ವಿಮಾ ಪ್ರಾಧಿಕಾರ 2019ರಲ್ಲಿ ರೂಪಿಸಿದ ನಿಯಮದಲ್ಲಿ 40, ಅಥವಾ ಹತೋಟಿಗೆ ಬಾರದ ಸಕ್ಕರೆಯಂಥ ಕಾಯಿಲೆಯಿದ್ದರೆ 35 ಎಂದಿದೆ. ಆದ್ದರಿಂದ ಪಾಲಿಸಿ ಓದಿಯೇ ಮುಂದುವರಿಯಿರಿ.

ಸಕ್ಕರೆ ಕಾಯಿಲೆಗೂ ಈ ಚಿಕಿತ್ಸೆಗೂ ನಂಟಿದೆ ಎಂಬುದನ್ನು 1995ರಲ್ಲಿ ವಾಲ್ಟರ್ ಪೋರೀಸ್ ಅವರ ತಂಡ ಎತ್ತಿ ತೋರಿಸಿತು. ಬೈಪಾಸ್ ಆದ 608 ಮಂದಿಯಲ್ಲಿ ಸಕ್ಕರೆ ಕಾಯಿಲೆಯ 146 ರೋಗಿಗಳಿದ್ದರು. ಅವರ ಪೈಕಿ 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. 1987ರಲ್ಲಿ ಆರಂಭವಾದ ಸ್ವೀಡನ್ನಿನ ಅಧ್ಯಯನ ಇನ್ನೂ ದೂರ ನೋಡಿತು. ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ಅದು 2007ರಲ್ಲಿ ವರದಿ ಮಾಡಿತು. ಆದರೆ ಎರಡು ವರ್ಷದ ಹೊತ್ತಿಗೆ ಶೇಕಡಾ 72 ಮಂದಿಯಲ್ಲಿ ಮಾಯವಾಗಿದ್ದ ಸಕ್ಕರೆ ಕಾಯಿಲೆ, ಹತ್ತು ವರ್ಷದ ಹೊತ್ತಿಗೆ ಶೇಕಡಾ 36 ಮಂದಿಯಲ್ಲಿ ಮಾತ್ರ ದೂರ ಉಳಿದಿತ್ತು. ಲಾಭ ದೊಡ್ಡದೇ, ಆದರೆ ಶಾಶ್ವತವೆಂಬ ಭರವಸೆ ಯಾರೂ ಕೊಡಲಾರರು.

ಇನ್ನು ಎದೆಯುರಿ. 2018ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನದಲ್ಲಿ 217 ರೋಗಿಗಳನ್ನು ಐದು ವರ್ಷ ಗಮನಿಸಿದ್ದರು. ತೂಕ ಇಳಿಕೆಯಲ್ಲಿ ಸ್ಲೀವ್ ಮತ್ತು ಬೈಪಾಸ್ ನಡುವೆ ಹೆಚ್ಚು ಅಂತರವಿರಲಿಲ್ಲ. ಆದರೆ ಹುಳಿ ಮೇಲೆ ಬರುವ ತೊಂದರೆ ಸ್ಲೀವ್ ಆದವರಲ್ಲಿ ಶೇಕಡಾ 31.8 ಮಂದಿಗೆ ಹೆಚ್ಚಿತ್ತು, ಬೈಪಾಸ್ ಆದವರಲ್ಲಿ ಶೇಕಡಾ 6.3 ಮಂದಿಗೆ ಮಾತ್ರ. ಹಾಗಾದರೆ ‘ಯಾವುದು ಒಳ್ಳೆಯದು’ ಎಂಬ ಪ್ರಶ್ನೆಯೇ ಅಪೂರ್ಣ. ‘ನನ್ನ ಕಾಯಿಲೆಗಳನ್ನು ನೋಡಿದರೆ ಯಾವುದು, ಏಕೆ’ ಎಂದು ಕೇಳಬೇಕು. ಈಗ ತೂಕ ಇಳಿಸುವ ಇಂಜೆಕ್ಷನ್ ಔಷಧಗಳೂ ಬಂದಿರುವುದರಿಂದ ‘ಶಸ್ತ್ರಚಿಕಿತ್ಸೆಯೇ ಬೇಕೇ’ ಎಂದೂ ಕೇಳಬೇಕು.

ಯಾರ ಕೈ?

ಬಗ್ದಾದಿನ ಪರೀಕ್ಷೆಯನ್ನು ಈಗ ನೆನಪಿಸಿಕೊಳ್ಳಿ. ಅಂಥದೇ ಒಂದು ಪರೀಕ್ಷೆ ನಮ್ಮ ಕಾಲದಲ್ಲೂ ನಡೆಯಿತು. ಅಮೆರಿಕದ ಮಿಷಿಗನ್ ರಾಜ್ಯದ 20 ಶಸ್ತ್ರವೈದ್ಯರು ತಾವು ಮಾಡಿದ ಬೈಪಾಸ್ ಶಸ್ತ್ರಚಿಕಿತ್ಸೆಯ ವಿಡಿಯೋವನ್ನು ಸ್ವಇಚ್ಛೆಯಿಂದ ಕೊಟ್ಟರು. ಮಾಡಿದವರು ಯಾರೆಂದು ತಿಳಿಯದಂತೆ ಬೇರೆ ಶಸ್ತ್ರವೈದ್ಯರು ಅವುಗಳಿಗೆ ಅಂಕ ಹಾಕಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೈಚಳಕದಲ್ಲಿ ಮೇಲಿನ ಕಾಲು ಭಾಗದವರ ರೋಗಿಗಳಲ್ಲಿ ಶೇಕಡಾ 5.2 ಮಂದಿಗೆ ತೊಡಕುಗಳಾಗಿದ್ದರೆ, ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಅದು ಶೇಕಡಾ 14.5. ಎಲ್ಲರೂ ಪದವಿ ಪಡೆದವರೇ, ಎಲ್ಲರೂ ಅನುಭವಿಗಳೇ. ಆದರೂ ಸುಮಾರು ಮೂರು ಪಟ್ಟು ವ್ಯತ್ಯಾಸ!

ಆದುದರಿಂದ ಓದುಗರೇ, ತಮ್ಮ ಮನೆಯಲ್ಲಿ ಯಾರಿಗಾದರೂ ಈ ಸಂದರ್ಭ ಬಂದರೆ ಸಂಕೋಚ ಬಿಟ್ಟು ಕೇಳಿ. ಈ ವಿಧಾನವನ್ನೇ ತಾವು ವರ್ಷಕ್ಕೆ ಎಷ್ಟು ಮಂದಿಗೆ ಮಾಡುತ್ತೀರಿ? ಅವರಲ್ಲಿ ಸೋರಿಕೆ, ರಕ್ತಸ್ರಾವ, ಸಾವು ಎಷ್ಟು? ಐದು ವರ್ಷದ ಹಿಂದಿನ ರೋಗಿಗಳು ಈಗಲೂ ತಪಾಸಣೆಗೆ ಬರುತ್ತಾರೆಯೇ? ನಡುರಾತ್ರಿ ತೊಂದರೆಯಾದರೆ ನೋಡುವವರು ಯಾರು? ತೀವ್ರ ನಿಗಾ ಘಟಕ, ಆಹಾರ ತಜ್ಞರು ಅಲ್ಲೇ ಇದ್ದಾರೆಯೇ? ಜೀವನಪರ್ಯಂತ ತೆಗೆದುಕೊಳ್ಳಬೇಕಾದ ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳ ಮತ್ತು ರಕ್ತಪರೀಕ್ಷೆಗಳ ಖರ್ಚೆಷ್ಟು? ಹೆರುವ ವಯಸ್ಸಿನ ಹೆಣ್ಣುಮಕ್ಕಳು ಶಸ್ತ್ರಚಿಕಿತ್ಸೆಯ ನಂತರ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು, ಅದನ್ನು ಮೊದಲೇ ಮಾತಾಡಿಕೊಳ್ಳಿ. ಚಿಕ್ಕದಾದ ಜಠರಕ್ಕೆ ದಿನವಿಡೀ ಗುಟುಕು ಗುಟುಕಾಗಿ ನೀರು ಬೇಕಾಗುವುದರಿಂದ ರಮಝಾನ್ ಉಪವಾಸದ ಬಗ್ಗೆಯೂ ಮೊದಲೇ ಕೇಳಿಕೊಳ್ಳಿ.

ಈ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ನಮ್ಮ ಸದಸ್ಯರಿಗೆ ಕೊಟ್ಟಿದ್ದೆ. ಹಾಳೆ ನೋಡಿ ಒಬ್ಬ ವೈದ್ಯರು ಸಿಡುಕಿದರಂತೆ. ಇನ್ನೊಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು ತಮ್ಮ ಲೆಕ್ಕವನ್ನೇ ಮುಂದಿಟ್ಟರಂತೆ, ಎಂಡೋಸ್ಕೋಪಿ ಮಾಡದೆ ಯಾವ ವಿಧಾನವೆಂದು ಹೇಳಲಾರೆ ಎಂದರಂತೆ. ಆಮೇಲೆ ಅವರು ಸದಸ್ಯರನ್ನು ಬಿಟ್ಟು ಪತ್ನಿಯ ಕಡೆ ತಿರುಗಿ, “ಅಮ್ಮಾ, ಇದು ನಿಮಗೆ ಬೇಕಾ?” ಎಂದು ಕೇಳಿದರಂತೆ. ಅಷ್ಟು ದಿನ ನಾವು ಯಾರೂ ಕೇಳದಿದ್ದ ಪ್ರಶ್ನೆ ಅದು. ನನ್ನ ಹಾಳೆಯಲ್ಲೂ ಅದಿರಲಿಲ್ಲ. ಆಕೆ ಯೋಚಿಸಲು ಒಂದು ತಿಂಗಳ ಕಾಲ ಕೇಳಿದರು. ರಿಯಾಯಿತಿಯ ಅವಧಿ ಮುಗಿದು ಹೋಯಿತು. ತಿಂಗಳ ನಂತರ, ವರದಿಗಳನ್ನೆಲ್ಲ ನೋಡಿ, ಆ ಎರಡನೇ ವೈದ್ಯರ ಬಳಿಯೇ ಬೈಪಾಸ್ ಮಾಡಿಸಿಕೊಳ್ಳಲು ಆಕೆಯೇ ನಿರ್ಧರಿಸಿದರು.

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ವೈದ್ಯರಾಗುವವರು. ಅವರಿಗೆ ಒಂದು ಮಾತು. ಹಾಳೆ ಹಿಡಿದು ಬರುವ ರೋಗಿಯ ಮೇಲೆ ಸಿಡುಕಬೇಡಿ. ಪರೀಕ್ಷೆಗೆ ಒಳಗಾಗುವುದು ಬಗ್ದಾದಿನ ಕಾಲದಿಂದಲೂ ನಿಮ್ಮ ವೃತ್ತಿಗೆ ಗೌರವವೇ ಹೊರತು ಅವಮಾನವಲ್ಲ.